ನಲ್ಲಿಯ ಮುಂದೆ ಕಾಯುವುದು

ನಾನಿರುವ ಬಾಡಿಗೆ ಮನೆಗೆ ನೀರು ಬರುವುದು ಎರಡು ದಿನಕ್ಕೊಮ್ಮೆ, ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಸಂಪು ಚಿಕ್ಕದು. ಆ ಹೊತ್ತಿಗೆ ಎದ್ದು ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತಿದ್ದರೆ ಮಾತ್ರ ಅದು ಇನ್ನಷ್ಟು ನೀರು ಹಿಡಿಯುತ್ತದೆ. ಮೂರು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ಕಳೆದ ತಿಂಗಳು ನನ್ನ ಸರದಿಯ ದಿನ ನಾನು ಏಳಲೇ ಇಲ್ಲ. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದುತ್ತ ಕೂತಿದ್ದೆ, ಓದುತ್ತಿದ್ದದ್ದು ಬೆಂಗಳೂರಿನ ನೀರಿನ ಇತಿಹಾಸವನ್ನೇ. ಬೆಳಿಗ್ಗೆ ಕೆಳಗಿನ ಮನೆಯ ಆಂಟಿ ಖಾಲಿ ಬಕೆಟ್ ಹಿಡಿದು ಹೇಳಿದರು: “ನೀರಿನ ಬಗ್ಗೆ ಆಮೇಲೆ ಬರೆಯುವಿಯಂತೆ, ಮೊದಲು ಮೋಟರ್ ಹಾಕೋದು ಕಲಿಯಪ್ಪ.”

ನಾಚಿಕೆಯಾಯಿತು. ಆದರೆ ಅವರ ಮಾತಿನ ಜೊತೆಗೆ ಒಂದು ಪ್ರಶ್ನೆಯೂ ಉಳಿಯಿತು. ನೀರಿಗಾಗಿ ಹೀಗೆ ಗಡಿಯಾರ ನೋಡಿಕೊಂಡು ಏಳುವುದನ್ನು ಈ ಊರು ಕಲಿತದ್ದು ಯಾವಾಗ?

ಬೆಂಗಳೂರು ನದಿ ದಂಡೆಯ ಊರಲ್ಲ. ಕೆರೆ, ಕಲ್ಯಾಣಿ, ಬಾವಿಗಳನ್ನು ನಂಬಿ ಬೆಳೆದ ಊರು. ಪೇಟೆಯ ಪಕ್ಕದಲ್ಲೇ ಧರ್ಮಾಂಬುಧಿ ಕೆರೆಯಿತ್ತು, ಪೂರ್ವಕ್ಕೆ ಸಂಪಂಗಿ ಕೆರೆಯಿತ್ತು. ನೀರು ಎಷ್ಟಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ, ಏರಿಯ ಮೇಲೆ ನಿಂತರೆ ಕಣ್ಣಿಗೇ ಕಾಣುತ್ತಿತ್ತು. ಕಡಿಮೆಯಾಗುವುದೂ ಕಾಣುತ್ತಿತ್ತು, ಕೊಳಕಾಗುವುದೂ ಕಾಣುತ್ತಿತ್ತು.

1876–78ರ ಮಹಾ ಬರಗಾಲ ಈ ಕೆರೆಗಳನ್ನು ನಂಬಿ ಕೂರುವಂತಿಲ್ಲ ಎಂದು ತೋರಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಊರಿಗೆ ಸುಮಾರು 20 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ನಿಲ್ಲಿಸುವ ಯೋಜನೆ ರೂಪುಗೊಂಡಿತು. ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಸೋಲದೇವನಹಳ್ಳಿಯವರೆಗೆ ಹರಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ಉಗಿ ಯಂತ್ರಗಳು ಅದನ್ನು ಎತ್ತಿ ತಳ್ಳುತ್ತಿದ್ದವು. 1896ರ ಹೊತ್ತಿಗೆ ಕೊಳಾಯಿಯ ನೀರು ಬೆಂಗಳೂರಿಗೆ ಬಂತು.

ಅದು ಸಣ್ಣ ಅನುಕೂಲವೇನಲ್ಲ. ಬಾವಿಯಿಂದ ಸೇದಿ ಸೊಂಟದ ಮೇಲೆ ಕೊಡ ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹಳೆಯ ಕೆರೆಗಳ ಬಗ್ಗೆ ಹಾಡಿ ಹೊಗಳುವಾಗ ನಾವು ಆ ಸೊಂಟನೋವನ್ನು ಮರೆಯುತ್ತೇವೆ. ಹಗ್ಗಕ್ಕೆ ಯಾರ ಕೈ ತಾಗಬಹುದು ಎಂಬ ಲೆಕ್ಕವನ್ನೂ ಮರೆಯುತ್ತೇವೆ. ಮಹಾಡಿನ ಪುರಸಭೆ ತನ್ನ ಕೆರೆ ಎಲ್ಲರಿಗೂ ತೆರೆದಿದೆ ಎಂದು ನಿರ್ಣಯ ಮಾಡಿದ ಮೇಲೂ, ಅದರ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ಕೊಳವೆಯೊಳಗಿನ ನೀರಿಗೆ ಜಾತಿ ಗೊತ್ತಿಲ್ಲ, ನಿಜ. ನಲ್ಲಿಯ ಮುಂದಿನ ಸಾಲಿಗೆ ಗೊತ್ತಿತ್ತು.

ನಲ್ಲಿ ಇನ್ನೊಂದು ಬದಲಾವಣೆಯನ್ನೂ ತಂದಿತು. ನೀರು ಎಲ್ಲಿಂದಲೋ ಬರುವ ವಸ್ತುವಾದ ಮೇಲೆ ಕಣ್ಣೆದುರಿನ ಕೆರೆ ಬರೀ ಜಾಗವಾಯಿತು. ಧರ್ಮಾಂಬುಧಿಯ ಅಂಗಳ ಇಂದು ಮೆಜೆಸ್ಟಿಕ್‌ನ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವಿದೆ. ಅಲ್ಲೊಂದು ಪುಟ್ಟ ಕಲ್ಯಾಣಿ ಮಾತ್ರ ಉಳಿದಿದೆ, ಕರಗದ ದಿನಗಳಲ್ಲಿ ಊರು ಅದನ್ನು ನೆನಪಿಸಿಕೊಳ್ಳುತ್ತದೆ.

ಅತ್ತ ಹೊಸ ನೀರೂ ಸಾಲಲಿಲ್ಲ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬರಿದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. 1974ರಲ್ಲಿ ಕಾವೇರಿಯೇ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ, ಪಂಪುಗಳ ಮೇಲೆ ಪಂಪು ದಾಟಿ. 2024ರಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಯಿತು. ಪ್ರತಿ ಸಲವೂ ಇನ್ನಷ್ಟು ನೀರು ಬಂದಿದೆ, ಊರು ಅದಕ್ಕಿಂತ ಬೇಗ ಬೆಳೆದಿದೆ. ಇರುವ ನೀರನ್ನು ಬಡಾವಣೆಗಳಿಗೆ ಹಂಚಲು ಪಾಳಿ ಬಂತು. ಪಾಳಿಯ ಜೊತೆಗೆ ನಮ್ಮ ಅಲಾರಂ ಬಂತು.

ಪಾಳಿ ಹೊಸತೇನಲ್ಲ ಎಂಬುದು ಓದುತ್ತ ಹೋದಂತೆ ಅರಿವಾಯಿತು. ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬುವನಿದ್ದ. ಕೆರೆಯ ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆಯುತ್ತಿದ್ದರು. ಅವನೂ ದೇವಮಾನವನಲ್ಲ, ದೊಡ್ಡವರ ಗದ್ದೆಗೆ ಮೊದಲು ನೀರು ಹೋಗಿರಬಹುದು. ಆದರೆ ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಗದ್ದೆಗೆ ಎಷ್ಟು ಹೋಯಿತು ಎಂಬುದು ಏರಿಯ ಮೇಲೆ ನಿಂತವರಿಗೆಲ್ಲ ಕಾಣುತ್ತಿತ್ತು. ತಪ್ಪಿದರೆ ಜಗಳಕ್ಕೆ ಎದುರಿಗೊಂದು ಮುಖವಿತ್ತು.

ಇಂದು ಕಬ್ಬಿಣದ ಉದ್ದ ಕೀಲಿ ಹಿಡಿದು ರಸ್ತೆಯ ವಾಲ್ವ್ ತಿರುಗಿಸುವವನು ಒಂದು ಬಗೆಯಲ್ಲಿ ಆ ನೀರುಗಂಟಿಯ ವಾರಸುದಾರ. ಆದರೆ ಅವನ ಕೈಯಲ್ಲಿ ಕೀಲಿ ಮಾತ್ರ ಇದೆ, ಕೆರೆ ಇಲ್ಲ. ಎಷ್ಟು ನೀರಿದೆ ಎಂದು ಅವನಿಗೂ ಕಾಣದು, ನಮಗೂ ಕಾಣದು. ದುಡ್ಡಿದ್ದವರು ಟ್ಯಾಂಕರ್ ತರಿಸುತ್ತಾರೆ, ಬೋರ್‌ವೆಲ್ ಕೊರೆಸುತ್ತಾರೆ. ಉಳಿದವರು ನಿದ್ದೆ ಕೊಡುತ್ತಾರೆ. ನೀರಿನ ಬಿಲ್ಲಿನಲ್ಲಿ ಈ ನಿದ್ದೆ ಎಲ್ಲೂ ನಮೂದಾಗುವುದಿಲ್ಲ. ನಗರದ ಇತಿಹಾಸದಲ್ಲೂ ಇಲ್ಲ. ಅಣೆಕಟ್ಟಿನ ಎತ್ತರ, ಪಂಪಿನ ಶಕ್ತಿ, ದಿವಾನರ ಹೆಸರು ಸಿಗುತ್ತವೆ. 1896ರ ನಂತರ ಬೀದಿನಲ್ಲಿಯ ಮುಂದೆ ಬಿಂದಿಗೆ ಇಟ್ಟು ಕಾದವರ ಗಂಟೆಗಳನ್ನು ಲೆಕ್ಕ ಇಟ್ಟವರಿಲ್ಲ.

ಮೊನ್ನೆ ನನ್ನ ಸರದಿಯಲ್ಲಿ ಮೂರೂಮುಕ್ಕಾಲಿಗೇ ಎದ್ದೆ. ಆಂಟಿ ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಎಷ್ಟು ವರ್ಷದಿಂದ ಹೀಗೆ ಏಳುತ್ತಿದ್ದೀರಿ ಎಂದು ಕೇಳಿದೆ. “ಮದುವೆಯಾಗಿ ಬಂದಾಗಿನಿಂದ,” ಎಂದರು. ಸಂಪಿನೊಳಗೆ ನೀರು ಬೀಳುವ ಸದ್ದಾಯಿತು. ಮೋಟರ್ ಹಾಕಿ, ಮೇಲೆ ಹೋಗಿ ಅವರ ಆ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.