ತಾರಸಿಯ ಮೇಲಿನ ಲೆಕ್ಕ

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ತೋರಿಸಿತು. ಅದನ್ನು ರೂಪಿಸಿದವರಲ್ಲೊಬ್ಬರಾದ ಡ್ಯಾರಿಲ್ ಚಾಪಿನ್ ಎರಡು ವರ್ಷದ ಬಳಿಕ ಲೆಕ್ಕ ಹಾಕಿದರು: ವ್ಯಾಟ್ ಒಂದಕ್ಕೆ 286 ಡಾಲರ್, ಒಂದು ಮನೆಗೆ ಬೇಕಾದಷ್ಟಕ್ಕೆ ಸುಮಾರು 14 ಲಕ್ಷ ಡಾಲರ್! ಕೋಶ ಉಪಗ್ರಹಕ್ಕೆ ಹೋಯಿತು, ಮನೆಗೆ ಬರಲಿಲ್ಲ.

ಮುಂದೆ ಬೆಲೆ ಇಳಿದ ಕಥೆಯನ್ನೇ ನಾವು ಹೆಚ್ಚಾಗಿ ಹೇಳಿಕೊಳ್ಳುತ್ತೇವೆ. ನನಗೆ ಮುಖ್ಯವೆನಿಸುವುದು ಕಂತಿನ ಕಥೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಕರ್ನಾಟಕದಲ್ಲಿ ಸೆಲ್ಕೋ ಆರಂಭಿಸಿದಾಗ, ಸೀಮೆಎಣ್ಣೆ ಬುಡ್ಡಿಯ ಮನೆಗಳಲ್ಲಿ ಒಟ್ಟಿಗೆ ಕೊಡುವಷ್ಟು ಹಣವಿರಲಿಲ್ಲ. ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಸಾಲ ಕೊಡಿಸಬೇಕಾಯಿತು. ತಿಂಗಳಿಗೆ 300 ರೂಪಾಯಿ ಭಾರವೆನ್ನುವ ಬೀದಿ ವ್ಯಾಪಾರಿಗೆ ದಿನಕ್ಕೆ 10 ರೂಪಾಯಿ ಭಾರವಲ್ಲ ಎಂಬುದು ಹಂದೆ ಅಲ್ಲಿ ಕಲಿತ ಪಾಠ. ವ್ಯಾಪಾರಿ ಗಳಿಸುವುದೂ ದಿನದ ಲೆಕ್ಕದಲ್ಲೇ ತಾನೆ?

ಈಗ ಕೇಂದ್ರದ 2024ರ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಆದರೆ ಗೃಹಜ್ಯೋತಿಯಿಂದಾಗಿ ಬಿಲ್ಲೇ ಕಟ್ಟದ ನಮ್ಮ ಸಣ್ಣ ಮನೆಗಳಿಗೆ ಉಳಿಸಲು ಏನಿದೆ? ಉಳಿತಾಯವೆಲ್ಲ ದೊಡ್ಡ ಬಿಲ್ಲಿನ, ಸ್ವಂತ ತಾರಸಿಯ ಮನೆಗಳದು. ಇದನ್ನು ಬರೆಯುತ್ತಿರುವ ಬಾಡಿಗೆ ಕೋಣೆಯ ತಾರಸಿಯಲ್ಲಿ ನನಗಿರುವುದು ಬಟ್ಟೆ ಒಣಹಾಕುವ ಅನುಮತಿಯಷ್ಟೇ.