ಗಂಜ್ಲ ಕುಡೀತಿದ್ದ ನೆಲ

"ಏನ್ ಮಾಡುದ್ರೂ ನಾಯಿ ಉಚ್ಚೆ ವಾಸ್ನೆ ಹೋಯ್ತಿಲ್ಲ ಕಣಕ್ಕ" ಅನ್ನೋ ಮಾತು ಈಗ ಶ್ರೀರಂಗಪಟ್ಟಣದಿಂದ ಕೆ.ಆರ್.ಪೇಟೆಗಂಟ ಎಲ್ಲಾ ಬೀದೀಲೂ ಕೇಳ್ತದೆ. ನಮ್ಮಜ್ಜೀರು ಕೇಳಿದ್ರೆ ನಗೋರು. ಅವ್ರ ಕಾಲ್ದಲ್ಲಿ ಒಂದೇ ಸೂರಿನಡಿ ಜನಾನೂ ಇದ್ರು, ಜೋಡಿ ಎತ್ತೂ ಇದ್ವು. ನಾಗಮಂಗಲದ ಕಡೆ ಮಳೆ ನಂಬಿದ ಊರುಗಳಲ್ಲಿ ಕುರಿ ಮೇಕೇನೂ ರಾತ್ರಿ ಒಳಗೇ ಕಟ್ಟೋರು.

ವಾಸ್ನೆ ಬರ್ತಿರ್ಲಿಲ್ಲ ಅಂತಲ್ಲ. ಆದ್ರೆ ಅವ್ರ ನೆಲ ಕುಡಿಯೋ ನೆಲ. ಬೆಳಿಗ್ಗೆ ಎದ್ದು ಸಗ್ಣಿ ಬಾಚಿ, ಒಲೆ ಬೂದಿ ಚೆಲ್ಲಿ, ಗಂಜ್ಲ ನೆಂದ ಮಣ್ಣ ಆಗಾಗ ಕೆರೆದು ತಿಪ್ಪೆಗೆ ಹಾಕಿ, ಹೊಸ ಮಣ್ಣು ಹರಡೋರು. ಜನ ಓಡಾಡೋ ಕಡೆ ಸಗ್ಣೀಲಿ ಸಾರ್ಸೋರು.

ಗಂಜ್ಲ ಮಣ್ಣಿಗಿಳಿದ್ರೆ ಕಣ್ಣಿಗೆ ಕಾಣ್ದ ಜೀವಿಗಳು ಅದನ್ನ ಮೊದ್ಲು ಅಮೋನಿಯಾ ಮಾಡ್ತವೆ. ಮೂಗಿಗೆ ಹೊಡೆಯೋ ಘಾಟು ಅದೇ. ಆಮೇಲೆ ಬ್ಯಾರೆ ಜೀವಿಗಳು ಅದನ್ನ ನೈಟ್ರೇಟ್ ಅನ್ನೋ ಉಪ್ಪು ಮಾಡ್ತವೆ. ಅದಕ್ಕೆ ವಾಸ್ನೆ ಇಲ್ಲ. ಬೂದೀಲಿರೋ ಪೊಟ್ಯಾಷ್ ಸೇರಿದ್ರೆ ಅದೇ ಪೆಟ್ಲುಪ್ಪು.

ಆವಾಗ ಈ ಉಪ್ಪಿಗೆ ಬೆಲೆ ಇತ್ತು. ಉಪ್ಪಾರ ಕುಲದೋರು ಇಂಥಾ ಮಣ್ಣ ಕೆರೆದು, ನೀರಲ್ಲಿ ನೆನ್ಸಿ ಸೋಸಿ, ಕಾಯ್ಸಿ ಪೆಟ್ಲುಪ್ಪು ತೆಗೆಯೋರು. ಇದ್ಲು, ಗಂಧಕದ ಜೊತೆ ಅದು ಸೇರಿದ್ರೆ ಕೋವಿ ಮದ್ದು. ಮದ್ದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಪೆಟ್ಲುಪ್ಪೇ. 1780ರಲ್ಲಿ ಪೊಳ್ಳಿಲೂರಲ್ಲಿ ಇಂಗ್ಲೀಷರ ಮ್ಯಾಲೆ ಹಾರಿದ ಮೈಸೂರು ರಾಕೆಟ್ಟಿನ ಹೊಟ್ಟೇಲಿದ್ದುದೂ ಇಂಥದೇ ಮದ್ದು. ಪಾಂಡವಪುರದಲ್ಲಿ ಬೀಡು ಬಿಟ್ಟಿದ್ದ ಫ್ರೆಂಚರ ಕೋವಿಗೂ ಅದೇ ಬೇಕಿತ್ತು. ಅವ್ರಿಂದ್ಲೇ ಆ ಊರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸ್ರು ಬಂದಿದ್ದು.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳು ಈಗ್ಲೂ ಅವೆ. ರೈಲು ಜೋಡಿ ಹಳಿಗೆ ಅಡ್ಡ ಬತ್ತದೆ ಅಂತ ಒಂದನ್ನ ಒಡೀದೆ, ಇಡಿಯಾಗೇ 2017ರಲ್ಲಿ ಸುಮಾರು 130 ಮೀಟರು ಸರ್ಸುದ್ರು. ಅಷ್ಟು ಜೋಪಾನ ಮಾಡಿದ್ದು ಒಳ್ಳೇದೇ. ಆದ್ರೆ ಮಣ್ಣಿಗೆ ಬೂದಿ ಚೆಲ್ಲಿ ಬಾಚ್ತಿದ್ದ ಹೆಂಗಸ್ರ ಕೆಲ್ಸಾನ ಯಾರೂ ಬರೆದಿಡ್ಲಿಲ್ಲ.

ಆಮೇಲೆ ಸಿಮೆಂಟು ಬಂತು, ರೆಡ್ ಆಕ್ಸೈಡು ಬಂತು, ಮೊಸಾಯಿಕ್ಕು ಬಂತು, ಈಗ ಟೈಲ್ಸು. ದನ ಆಚೆ ಹೋದ್ವು, ನಾಯಿ ಬೆಕ್ಕು ಒಳಕ್ಕೆ ಬಂದ್ವು. ಟೈಲ್ಸು ಕುಡಿಯಲ್ಲ, ಅದ್ರ ಸಂದು ಮಾತ್ರ ಕುಡೀತದೆ. ಅಲ್ಲಿ ಮಣ್ಣಿನ ಜೀವಿಗಳಿಲ್ಲ, ಬೂದಿ ಇಲ್ಲ. ಫಿನಾಯಿಲ್ ಹಾಕಿದ್ರೆ ನಮ್ಮ ಮೂಗಿಗೆ ಮೋಸ, ನಾಯಿ ಮೂಗಿಗಲ್ಲ. ಅದು ಮತ್ತೆ ಅಲ್ಲೇ ಹೊಯ್ತದೆ.

ಹಂಗಾಗಿ ಮೊದ್ಲು ಉಜ್ಜಬ್ಯಾಡಿ, ಹಳೇ ಬಟ್ಟೇಲಿ ಒತ್ತಿ ಹೀರ್ಸಿ. ತಣ್ಣೀರಲ್ಲಿ ಒರೆಸಿ. ಆಮೇಲೆ ಸಾಕುಪ್ರಾಣಿ ಅಂಗಡೀಲಿ ಸಿಗೋ ಎಂಜೈಮ್ ದ್ರಾವಣ ಸಂದಿಗೆ ಇಳಿಯೋ ಹಂಗೆ ಹಾಕಿ, ಬಾಟ್ಲಿ ಮ್ಯಾಲೆ ಬರೆದಿರೋಷ್ಟು ಹೊತ್ತು ಹಸಿಯಾಗೇ ಬಿಡಿ. ಮಣ್ಣು ಮಾಡ್ತಿದ್ದ ಕೆಲ್ಸಾನ ಒಂದಷ್ಟು ಅದು ಮಾಡ್ತದೆ. ಜೊತೆಗೆ ಫಿನಾಯಿಲ್ ಸೇರ್ಸಬ್ಯಾಡಿ. ಚಾಪೆ, ಹಾಸ್ಗೆ ಆದ್ರೆ ತೊಳೆದು ಬಿಸ್ಲಿಗೆ ಹಾಕಿ. ಹಳೇ ಕೆಂಪು ನೆಲಕ್ಕೆ ನಿಂಬೆ, ಹುಣಸೆ, ವಿನೆಗರ್ ಬ್ಯಾಡ, ಹುಳಿ ನೆಲಾನೇ ತಿಂತದೆ. ಉಚ್ಚೆ ಮ್ಯಾಲೆ ಬ್ಲೀಚಿಂಗ್ ಪುಡಿ ಹಾಕಲೇಬ್ಯಾಡಿ, ವಿಷದ ಗಾಳಿ ಏಳ್ತದೆ.

ಇಷ್ಟೆಲ್ಲಾ ಬರೆಯೋಕೆ ಕಾರಣ ಅದೆ. ವಾಸ್ನೆ ತಡೀಲಾರ್ದೆ, ಹತ್ತು ವರ್ಷ ಮನೆ ಕಾದ ನಾಯೀನ ಕಾಲುವೆ ಏರಿ ಮ್ಯಾಲೆ ಬಿಟ್ಟು ಬರೋರು ಅವ್ರೆ. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂಗೆ ಒಳಗೆ ಉಚ್ಚೆ ಹೊಯ್ದ್ರೆ ಅದ್ಕೆ ಕಾಯಿಲೆ ಇರಬಹುದು, ಮೊದ್ಲು ಪಶು ಆಸ್ಪತ್ರೆಗೆ ತೋರ್ಸಿ. ನೆಲ ಬದಲಾಯ್ಸಿದ್ದು ನಾವು ಕಣ್ರವ್ವ, ಪ್ರಾಣಿ ಹಳೇದೇ.