ಶಿವನಸಮುದ್ರದ ನೀರು ಕೋಲಾರದ ಕೆರೆಗೆ

ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಧುಮುಕುತ್ತಾಳೆ. ಗಗನಚುಕ್ಕಿಯನ್ನು ನೋಡಲು ಮಳವಳ್ಳಿ ಕಡೆಯಿಂದ ಹೋಗಬೇಕು, ಭರಚುಕ್ಕಿಗೆ ಕೊಳ್ಳೇಗಾಲದ ಕಡೆಯಿಂದ. 1956ರ ನವೆಂಬರ್ 1ರವರೆಗೆ ಈ ಎರಡು ಕಡೆಗಳು ಬೇರೆ ಬೇರೆ ಸರ್ಕಾರಗಳಿಗೆ ಸೇರಿದ್ದವು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಯಳಂದೂರನ್ನು ಹಾದು ಬರುವ ಸುವರ್ಣಾವತಿ, ನಮ್ಮ ಜನರ ಬಾಯಲ್ಲಿ ಹೊನ್ನುಹೊಳೆ, ಯಾವ ಗಡಿಯನ್ನೂ ಕೇಳದೆ ಕಾವೇರಿ ಸೇರುತ್ತಿತ್ತು.

ಗಡಿಯನ್ನು ಕೇಳಿದವರು ಸರ್ಕಾರದವರು. ಮೈಸೂರು ಮತ್ತು ಮದ್ರಾಸಿನ ನಡುವೆ 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು. ಎಲ್ಲಿ ಕಟ್ಟೆ ಕಟ್ಟಬಹುದು, ಯಾರಿಗೆ ಎಷ್ಟು ನೀರು, ಎಷ್ಟು ಎಕರೆಗೆ ನೀರಾವರಿ ಎಂಬುದೇ ಎರಡರ ತಿರುಳು. ಹೊಳೆಯ ನೀರು ಹೇಗಿರಬೇಕು ಎಂಬುದು ಆಗ ಜಗಳದ ವಿಷಯವೇ ಆಗಿರಲಿಲ್ಲ. ಅಳತೆಯ ಮೇಲಿನ ಈ ಪ್ರೀತಿ ನಮ್ಮ ನೀರಿನ ಕಾನೂನನ್ನು ಇವತ್ತಿಗೂ ಬಿಟ್ಟಿಲ್ಲ.

ಶಿವನಸಮುದ್ರಕ್ಕೂ ಕೋಲಾರಕ್ಕೂ ನಂಟು ಬೆಳೆದದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜಿಸಿದ ವಿದ್ಯುದಾಗಾರ ಆ ವರ್ಷ ಶುರುವಾಯಿತು. ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿದೀಪಗಳಿಗೆ ಅದು ಸಿಕ್ಕಿದ್ದು ಆಮೇಲೆ, 1905ರಲ್ಲಿ. ಗಣಿ ಮೊದಲು, ಪಟ್ಟಣ ಆಮೇಲೆ. ಹೊಳೆ ಪಕ್ಕದ ಹಳ್ಳಿಗಳ ಸರದಿ ಇನ್ನೂ ಎಷ್ಟು ಹಿಂದೆ ಇತ್ತು ಎಂದು ಬೇರೆ ಹೇಳಬೇಕಿಲ್ಲ.

ಕರೆಂಟಿನ ಹಿಂದೆಯೇ ನೀರೂ ಹೊರಟಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬೆಂಗಳೂರು ತಲುಪಿತು. ಜಲಪಾತಕ್ಕಿಂತ ಮೇಲಿರುವ ಶಿವ ಅಣೆಕಟ್ಟೆಯಿಂದ ತಿರುಗಿಸಿದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಅಷ್ಟು ಕಷ್ಟಪಟ್ಟು ಏರಿಸಿದ ನೀರು ಒಂದು ಸ್ನಾನ, ಒಂದು ಪಾತ್ರೆ ತೊಳೆಯುವಿಕೆ ಮುಗಿಸಿ ಮೋರಿ ಸೇರುತ್ತದೆ.

ಮುಂದಿನ ಕಥೆ ಆ ಮೋರಿಯದು. ಕಾವೇರಿ ನ್ಯಾಯಮಂಡಳಿ 2007ರ ತೀರ್ಪಿನಲ್ಲಿ ಒಂದು ಲೆಕ್ಕ ಹಾಕಿತ್ತು: ಕುಡಿಯಲು ಒಯ್ದ ನೀರಿನಲ್ಲಿ ನಿಜವಾಗಿ ಖರ್ಚಾಗುವುದು ಶೇ 20, ಉಳಿದದ್ದು ಹರಿವಿಗೆ ಮರಳುತ್ತದೆ. ಕಾಗದದ ಮೇಲೆ ಚೆಂದದ ಲೆಕ್ಕ. ಆದರೆ ಬೆಂಗಳೂರು ದಿಣ್ಣೆಯ ಮೇಲಿನ ಊರು. ವೃಷಭಾವತಿಗೆ ಇಳಿದ ಕೊಳಚೆ ಅರ್ಕಾವತಿಯ ಮೂಲಕ ಕಾವೇರಿಗೆ ವಾಪಸಾದರೆ, ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ಕಣಿವೆಗೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಅಂದರೆ ಕಾವೇರಿಯ ನೀರು ಇನ್ನೊಂದು ಹೊಳೆಯ ಮನೆ ಸೇರಿತು.

ಆ ಕಡೆ ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬತ್ತಿ ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿದ್ದವು. ಆಳದಿಂದ ನೀರಿನ ಜೊತೆ ಫ್ಲೋರೈಡೂ ಬರುತ್ತಿತ್ತು. ಬೆಂಗಳೂರು ಬಿಸಾಡುವ ನೀರನ್ನು ಶುದ್ಧೀಕರಿಸಿ ಅಲ್ಲಿನ ಕೆರೆಗಳಿಗೆ ತುಂಬಿಸಿದರೆ ಅಂತರ್ಜಲ ಏರೀತು ಎಂಬುದೇ ಕೆ.ಸಿ. ವ್ಯಾಲಿ ಯೋಜನೆ. ಗುರಿ 440 ಎಂಎಲ್‌ಡಿ, ಅಂದರೆ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಆ ಕೆರೆ ಕೋಡಿ ಬಿದ್ದು ಮುಂದಿನದಕ್ಕೆ, ಅದು ತುಂಬಿ ನರಸಾಪುರದ ಕಡೆಗೆ: ಹಳೆಯ ಕಾಲದವರು ಮಳೆಗಾಗಿ ಕಟ್ಟಿದ ಸರಣಿ ಕೆರೆಗಳೇ ಹೊಸ ನೀರಿಗೂ ದಾರಿಯಾದವು. ಎಂಜಿನಿಯರುಗಳು ಹೊಸದಾಗಿ ಹಾಕಿದ್ದು ಪೈಪು. ಉಳಿದ ಕೆಲಸವನ್ನು ಶತಮಾನಗಳ ಹಿಂದಿನ ಏರಿ, ತೂಬು, ರಾಜಕಾಲುವೆ ಮಾಡಿದವು.

ಬೇಸಿಗೆ ಕಳೆದು ಮಳೆ ಬರುವ ಮೊದಲೇ ಕೆರೆ ತುಂಬಿದ್ದನ್ನು ಕಂಡ ಜನಕ್ಕೆ ಸಂತೋಷವೇ. ಆದರೆ ಜುಲೈನಲ್ಲಿ ನೊರೆ ಕಾಣಿಸಿತು. ಬೆಳ್ಳಂದೂರಿನ ನೊರೆಯ ಚಿತ್ರಗಳನ್ನು ಅಷ್ಟರಲ್ಲಿ ದೇಶವೇ ನೋಡಿತ್ತು, ಹಾಗಾಗಿ ಗಾಬರಿ ಸಹಜ. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಹೈಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು, ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು, ಕೆಲವು ತಿಂಗಳಲ್ಲಿ ಅದೂ ತೆರವಾಗಿ ಪಂಪುಗಳು ಮತ್ತೆ ಓಡಿದವು.

ಹೋರಾಟಗಾರರ ಬೇಡಿಕೆ ನೀರು ಬೇಡ ಎಂಬುದಲ್ಲ, ಮೂರನೇ ಹಂತದ ಶುದ್ಧೀಕರಣ ಬೇಕು ಎಂಬುದು. ಎರಡನೇ ಹಂತದಲ್ಲಿ ಸೂಕ್ಷ್ಮಜೀವಿಗಳು ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ, ನೀರು ತಿಳಿಯಾಗುತ್ತದೆ. ಆದರೆ ಸಾರಜನಕ, ರಂಜಕಗಳು ಸಾಕಷ್ಟು ಉಳಿಯುತ್ತವೆ. ಕೆರೆಯಲ್ಲಿ ಪಾಚಿ, ಅಂತರಗಂಗೆ ಹಬ್ಬುವುದು ಅವುಗಳಿಂದಲೇ. ಕಾರ್ಖಾನೆಯ ನೀರು ಕದ್ದು ಮೋರಿಗೆ ಸೇರಿದ್ದರೆ ಲೋಹದ ಅಂಶಗಳ ಭಯ ಬೇರೆ. ಮಣ್ಣು ಜರಡಿಯಂತೆ ಬಹಳಷ್ಟನ್ನು ಹಿಡಿಯುತ್ತದೆ ನಿಜ, ಆದರೆ ನೈಟ್ರೇಟ್ ನೀರಿನ ಜೊತೆಯೇ ಇಳಿದುಬಿಡುತ್ತದೆ.

ಸರಿ, ಕಾನೂನು ಏನನ್ನುತ್ತದೆ? 1974ರ ಜಲಮಾಲಿನ್ಯ ಕಾಯ್ದೆ ಮುಖ್ಯವಾಗಿ ಕೊಳಚೆಯನ್ನು ಹೊರಬಿಡುವ ಕೊಳವೆಯ ಬಾಯಿಯನ್ನು ನೋಡುತ್ತದೆ. 2017ರ ಅಕ್ಟೋಬರಿನಲ್ಲಿ ಕೇಂದ್ರ ಹೊರಡಿಸಿದ ಮಾನದಂಡಗಳೂ, ಅವು ಸಡಿಲವೆಂದು 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಬಿಗಿ ಮಾಡಿದ್ದೂ ಅದೇ ಬಾಯಿಗೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯ ಕಣ್ಣು ಮುಖ್ಯವಾಗಿ ಕೊರೆಯುವವರ ಮೇಲೆ, ಎತ್ತುವವರ ಮೇಲೆ. ಕೆರೆಯ ತಳದಿಂದ ಇಳಿದು ನಾಳೆ ಯಾರದೋ ಬೋರ್‌ವೆಲ್ಲಿಗೆ ಬರುವ ನೀರು ಎರಡು ಕಾಯ್ದೆಗಳ ಸಂದಿಯಲ್ಲಿ ಬಿದ್ದಿದೆ. ಕೆರೆಗೆ ಪಂಪ್‌ಸೆಟ್ ಇಟ್ಟು ನೇರ ನೀರೆತ್ತಬಾರದು ಎಂಬ ನಿರ್ಬಂಧವೇನೋ ಕೋಲಾರದಲ್ಲಿ ಬಂತು. ಅದೂ ಅಳತೆಯದೇ ನಿಯಮ.

ಹೊರಗಿನವರು ಇದರಲ್ಲಿ ಬಹಳ ಮುಂದಿದ್ದರೆಂದು ಹೇಳಲಾಗದು. ಲಾಸ್ ಏಂಜಲೀಸ್ ಬಳಿಯ ಮಾಂಟೆಬೆಲ್ಲೊದಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಹೊಂಡಗಳಲ್ಲಿ ಇಂಗಿಸತೊಡಗಿದ್ದು 1962ರಲ್ಲಿ. ಕ್ಯಾಲಿಫೋರ್ನಿಯಾದ ಅಂತರ್ಜಲ ಮರುಪೂರಣ ನಿಯಮಗಳು ಅಂತಿಮವಾದದ್ದು 2014ರಲ್ಲಿ. ಅಷ್ಟೂ ವರ್ಷ ಒಂದೊಂದು ಯೋಜನೆಗೆ ಒಂದೊಂದು ಪರವಾನಗಿ. ಆದರೆ ಬಂದ ನಿಯಮ ಖಚಿತವಾಗಿದೆ: ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು, ಕುಡಿಯುವ ಬಾವಿಗೆ ಬರುವ ಮೊದಲು ನೀರು ಕನಿಷ್ಠ ಎರಡು ತಿಂಗಳು ನೆಲದಡಿ ಇರಬೇಕು. ಏನಾದರೂ ಎಡವಟ್ಟಾದರೆ ಎಚ್ಚೆತ್ತುಕೊಳ್ಳಲು ಅಷ್ಟು ಸಮಯ.

ಕೋಲಾರದಲ್ಲಿ ಅಂತರ್ಜಲ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೂ ದಾಖಲಿಸಿದ್ದಾರೆ. ಚಿಕ್ಕಬಳ್ಳಾಪುರದ ಕಡೆಗೆ 210 ಎಂಎಲ್‌ಡಿಯ ಹೆಬ್ಬಾಳ–ನಾಗವಾರ ಯೋಜನೆಯೂ ಬಂದಿದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ತೊರೆಕಾಡನಹಳ್ಳಿಯಿಂದ ಇನ್ನೂ 775 ಎಂಎಲ್‌ಡಿ ಹೊರಟಿದೆ. ಮೋರಿಗೆ ಬರುವ ನೀರಿಗಂತೂ ಬರವಿಲ್ಲ.

ಇಷ್ಟೆಲ್ಲ ವಾದ ಬಯಲುಸೀಮೆಯಲ್ಲಿ ನಡೆಯುವಾಗ ಕೊಳ್ಳೇಗಾಲದ ಕಡೆ ಅಂಥ ದನಿ ಹೆಚ್ಚು ಕೇಳಿಬರಲಿಲ್ಲ; ಇಲ್ಲಿ ಕೆರೆಗೆ ಬರುವುದು ಹೊಳೆಯ ನೀರು ತಾನೆ? ಆದರೆ ಹೊಳೆಯ ಮೇಲ್ಭಾಗದಲ್ಲಿ ಮೈಸೂರು, ನಂಜನಗೂಡುಗಳಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ರಂಗನತಿಟ್ಟಿನಿಂದ ಸತ್ತೇಗಾಲ ಸೇತುವೆವರೆಗಿನ ಕಾವೇರಿಯೂ ಇತ್ತು. ಸತ್ತೇಗಾಲ ಕೊಳ್ಳೇಗಾಲ ತಾಲ್ಲೂಕಿನ ಊರು. ಗುಂಡಾಲ್, ರಾಮನಗುಡ್ಡ, ಹುಬ್ಬೆಹುಣಸೆ ಜಲಾಶಯಗಳಿಗೆ ಕಾವೇರಿ ನೀರು ತುಂಬಿಸುವುದು ಹನೂರು ಸೀಮೆಯ ರೈತರ ಹಳೆಯ ಬೇಡಿಕೆ, ಅದಕ್ಕೆಂದೇ ಏತ ಯೋಜನೆಯೂ ರೂಪುಗೊಂಡಿತು. ಕೋಲಾರದ ಪೈಪಿನಲ್ಲಿ ಬರುವ ನೀರಿಗೆ ‘ಸಂಸ್ಕರಿಸಿದ ತ್ಯಾಜ್ಯ ನೀರು’ ಎಂಬ ಹಣೆಪಟ್ಟಿ ಇರುವುದರಿಂದ ಅದನ್ನು ಪರೀಕ್ಷಿಸಿ ಎಂದು ಕೇಳುವವರಿದ್ದಾರೆ, ಕೋರ್ಟಿಗೆ ಹೋಗುವವರಿದ್ದಾರೆ. ಹೊಳೆಯಿಂದ ಎತ್ತಿದ ನೀರಿಗೆ ಆ ಹಣೆಪಟ್ಟಿಯಿಲ್ಲ. ಹನೂರಿನ ಕಡೆಯ ಚರ್ಚೆಯೆಲ್ಲ ಈಗಲೂ ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದರ ಸುತ್ತಲೇ ನಡೆದಿದೆ.